ಡಬ್ಬದ ಮೇಲೆ 120, ಪರದೆ ಮೇಲೆ ಎಷ್ಟು?

2025ರ ಸೆಪ್ಟೆಂಬರ್ 22ಕ್ಕೆ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಅದೇ ವಾರ ನಮ್ಮನೆಗೂ 55 ಇಂಚಿನ ಟಿವಿ ಬಂತು. ಅಪ್ಪ ನಿವೃತ್ತರಾದ ಮೇಲೆ ಮನೆಗೆ ತಂದ ಮೊದಲ ದೊಡ್ಡ ವಸ್ತು ಅದು. ಮುಂಗಡ ಅಪ್ಪನದು, ಹನ್ನೆರಡು ತಿಂಗಳ ಇಎಂಐ ನನ್ನದು. ಅಂಗಡಿಯ ಹುಡುಗ ಮೊದಲು 60 ಹರ್ಟ್ಸ್ ಟಿವಿ ತೋರಿಸಿದ, ಆಮೇಲೆ ಪಕ್ಕದಲ್ಲಿದ್ದ 120 ಹರ್ಟ್ಸ್‌ನದು. ‘ಮೇಡಂ, ಮನೇಲಿ ಕ್ರಿಕೆಟ್ ನೋಡ್ತಾರೆ ಅಂದ್ರೆ ಇದೇ ತಗೊಳ್ಳಿ, ಡಬಲ್ ಸ್ಮೂತ್’ ಅಂದ. ಒಂಬತ್ತು ಸಾವಿರ ಹೆಚ್ಚು. ಕೊಟ್ಟೆವು.

ಆ ಭಾನುವಾರವೇ ಏಷ್ಯಾ ಕಪ್ ಫೈನಲ್. ಹತ್ತು ಓವರ್ ಮುಗಿಯೋಷ್ಟರಲ್ಲಿ ಅಪ್ಪ ಕೇಳಿದ್ರು: ‘ಏನಮ್ಮಾ ಇದು, ಬಾಲು ಕುಂಟ್ತಾ ಬರ್ತಿದೆ?’ ಮರುದಿನ ರಾಜ್‌ಕುಮಾರ್ ಅವರ ಹಳೇ ಸಿನಿಮಾ ಒಂದನ್ನ ಹಾಕಿಕೊಂಡು ಕೂತವರು, ‘ಸಿನಿಮಾ ಯಾಕೋ ಸೀರಿಯಲ್ ಥರ ಕಾಣ್ತಿದೆ’ ಅಂದ್ರು. ನಾನು ಎರಡಕ್ಕೂ ಒಂದೇ ಉತ್ತರ ಕೊಟ್ಟೆ: ‘ಹೊಸದಲ್ವಾ ಅಪ್ಪ, ಅಭ್ಯಾಸ ಆಗತ್ತೆ ಬಿಡಿ.’

ಅಭ್ಯಾಸ ಆಗಲಿಲ್ಲ. ಮೂರು ವಾರದ ನಂತರ ತಮ್ಮ ತನ್ನ ಗೇಮಿಂಗ್ ಲ್ಯಾಪ್‌ಟಾಪನ್ನು ಆ ಟಿವಿಗೆ ಸಿಕ್ಕಿಸಿದಾಗ ಗೊತ್ತಾಯ್ತು, ಅಪ್ಪ ಹೇಳಿದ ಎರಡೂ ಮಾತು ಸರಿ ಇತ್ತು. ಜೊತೆಗೆ ನಾವು ದುಡ್ಡು ಕೊಟ್ಟು ತಂದ 120 ಅನ್ನೋದರಲ್ಲೇ ಒಂದು ತಕರಾರಿತ್ತು. ಎಷ್ಟನ್ನ ಸೆಟ್ಟಿಂಗ್ಸ್‌ನಲ್ಲಿ ಸರಿ ಮಾಡಿಕೊಳ್ಳಬಹುದು, ಎಷ್ಟನ್ನ ಪ್ರಶ್ನೆ ಮಾಡಬೇಕು ಅನ್ನೋದನ್ನ ಇಲ್ಲಿ ಬಿಡಿಸಿ ಬರೆದಿದ್ದೇನೆ. ಈಗಾಗಲೇ ಟಿವಿ ಕೊಂಡವರಿಗೂ, ಕೊಳ್ಳೋಕೆ ಹೊರಟವರಿಗೂ ಉಪಯೋಗಕ್ಕೆ ಬರಬಹುದು.

ಎರಡು ಬೇರೆ ಬೇರೆ ಲೆಕ್ಕ

ಟಿವಿಯಲ್ಲಿ ಚಲಿಸುವ ಚಿತ್ರ ಅಂತ ಯಾವುದೂ ಇಲ್ಲ. ನಿಂತ ಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ, ನಮ್ಮ ಕಣ್ಣು ಅವನ್ನ ಚಲನೆ ಅಂತ ಓದಿಕೊಳ್ಳುತ್ತದೆ. ಇಲ್ಲಿ ಎರಡು ಸಂಖ್ಯೆಗಳಿವೆ. ಕ್ಯಾಮೆರಾ, ಚಾನೆಲ್ ಅಥವಾ ಗೇಮ್ ಸೆಕೆಂಡಿಗೆ ಎಷ್ಟು ಹೊಸ ಚಿತ್ರ ಕಳಿಸುತ್ತದೆ ಅನ್ನೋದು ಫ್ರೇಮ್ ರೇಟ್. ಪರದೆ ಸೆಕೆಂಡಿಗೆ ಎಷ್ಟು ಸಲ ತನ್ನನ್ನು ಹೊಸದಾಗಿ ಬರೆದುಕೊಳ್ಳುತ್ತದೆ ಅನ್ನೋದು ರಿಫ್ರೆಶ್ ರೇಟ್. ಇದನ್ನ ಹರ್ಟ್ಸ್‌ನಲ್ಲಿ ಅಳೀತಾರೆ. 60 ಹರ್ಟ್ಸ್ ಪರದೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಬದಲಾಗುತ್ತದೆ, 120ರದ್ದು 8.3 ಮಿಲಿಸೆಕೆಂಡಿಗೊಮ್ಮೆ.

ಹೆಚ್ಚು ಹರ್ಟ್ಸ್‌ನಿಂದ ಲಾಭ ಇರೋದು ನಿಜ. ಈಗಿನ ಪರದೆಗಳು ಒಂದು ಚಿತ್ರವನ್ನು ಮುಂದಿನದು ಬರೋವರೆಗೆ ಹಿಡಿದಿಟ್ಟುಕೊಳ್ಳುತ್ತವೆ. ನಮ್ಮ ಕಣ್ಣು ಮಾತ್ರ ಓಡುವ ವಸ್ತುವಿನ ಜೊತೆ ಓಡ್ತಾ ಇರುತ್ತದೆ. ಚಿತ್ರ ನಿಂತಿದೆ, ಕಣ್ಣು ಓಡ್ತಿದೆ, ಹಾಗಾಗಿ ವಸ್ತು ಬಳಿದ ಹಾಗೆ ಮಸುಕಾಗಿ ಕಾಣುತ್ತದೆ. 4ಕೆ ಪರದೆಯ ಅಗಲ 3840 ಚುಕ್ಕಿ. ಒಂದು ಕಾರು ಎರಡು ಸೆಕೆಂಡಿನಲ್ಲಿ ಈ ತುದಿಯಿಂದ ಆ ತುದಿಗೆ ಹೋಗುತ್ತದೆ ಅಂದ್ಕೊಳ್ಳಿ. ಸೆಕೆಂಡಿಗೆ 60 ಚಿತ್ರ ಆದರೆ ಅದರ ಅಂಚು ಸುಮಾರು 32 ಚುಕ್ಕಿಯಷ್ಟು ಮಸುಕಾಗುತ್ತದೆ, 120 ಆದರೆ 16.

ಆದರೆ ಈ ಲಾಭ ಸಿಗಬೇಕಾದರೆ ಆ 120 ಚಿತ್ರಗಳೂ ಬೇರೆ ಬೇರೆ ಆಗಿರಬೇಕು. ಬಂದ ಒಂದೇ ಚಿತ್ರವನ್ನ ಎರಡು ಸಲ ತೋರಿಸಿದರೆ ಮಸುಕು ಕಡಿಮೆಯಾಗಲ್ಲ. ಎಂಟು ಲೇನಿನ ಹೆದ್ದಾರಿ ಇದ್ದು, ಅದರಲ್ಲಿ ಎರಡೇ ಗಾಡಿ ಓಡಾಡಿದ ಹಾಗೆ.

ನಮ್ಮನೆಗೆ ಬರೋ ಗಾಡಿಗಳೆಷ್ಟು? ಸಿನಿಮಾ ಸೆಕೆಂಡಿಗೆ 24. ಮೂಕಿ ಚಿತ್ರಗಳ ಕಾಲದಲ್ಲಿ ಈ ವೇಗಕ್ಕೆ ಲೆಕ್ಕವೇ ಇರಲಿಲ್ಲ. ಫಿಲ್ಮಿನ ಅಂಚಿಗೆ ಧ್ವನಿ ಬಂದು ಕೂತ ಮೇಲೆ ವೇಗ ಹೆಚ್ಚು ಕಡಿಮೆಯಾದರೆ ಮಾತು ಕೆಡುತ್ತದೆ ಅಂತ 24ಕ್ಕೆ ನಿಲ್ಲಿಸಿದರು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ಬಂದ 1934ರ ಹೊತ್ತಿಗೆ ಅದೇ ರೂಢಿಯಾಗಿತ್ತು. ಟಿವಿಯ ಲೆಕ್ಕ ಬಂದಿದ್ದು ಕರೆಂಟಿನಿಂದ. ನಮ್ಮ ಮನೆಯ ಕರೆಂಟು 50 ಹರ್ಟ್ಸ್, ಹಾಗಾಗಿ ಇಂಡಿಯಾದ ಟಿವಿ 25 ಫ್ರೇಮು, 50 ಅರ್ಧ ಫ್ರೇಮುಗಳ ದಾರಿ ಹಿಡಿಯಿತು. ಅಮೆರಿಕದ ಕರೆಂಟು 60 ಹರ್ಟ್ಸ್, ಅಲ್ಲಿನ ಟಿವಿ 30–60ರ ದಾರಿ ಹಿಡಿಯಿತು. ಯೂಟ್ಯೂಬ್ ಹೆಚ್ಚೆಂದರೆ 60 ಕೊಡುತ್ತದೆ. ನಮ್ಮ ಕೇಬಲ್ಲು, ಡಿಟಿಎಚ್ಚು ಯಾವುದೂ 120 ಚಿತ್ರ ಕಳಿಸೋದಿಲ್ಲ. ಅಂದರೆ ಅಪ್ಪ ನೋಡೋ ಕ್ರಿಕೆಟ್ಟಿಗೆ ‘ಡಬಲ್ ಸ್ಮೂತ್’ ಸಿಗೋದಕ್ಕೆ ಮೂಲದಲ್ಲೇ ಅಷ್ಟು ಚಿತ್ರಗಳಿಲ್ಲ.

ಬಾಲು ಕುಂಟಿದ್ದು ಯಾಕೆ?

ಹಳೇ ಟಿವಿಯಲ್ಲಿ ಅಪ್ಪ ಮ್ಯಾಚ್ ನೋಡ್ತಿದ್ದದ್ದು ಕೇಬಲ್ ಬಾಕ್ಸ್‌ನಲ್ಲಿ. ಹೊಸದಕ್ಕೆ ನಾವು ಸ್ಟ್ರೀಮಿಂಗ್ ಸ್ಟಿಕ್ ಹಾಕಿದ್ವಿ. ಎಡವಟ್ಟು ಆಗಿದ್ದು ಅಲ್ಲಿ.

ಕ್ರಿಕೆಟ್ ಬರೋದು 50ರ ಲೆಕ್ಕದಲ್ಲಿ. ನಮ್ಮ ಸ್ಟಿಕ್ ಎಲ್ಲವನ್ನೂ 60ರಲ್ಲೇ ಟಿವಿಗೆ ಕಳಿಸ್ತಿತ್ತು. 50 ಚಿತ್ರ ಇಟ್ಟುಕೊಂಡು 60 ಜಾಗ ತುಂಬಬೇಕು. ಏನು ಮಾಡೋದು? ಪ್ರತಿ ಐದನೇ ಚಿತ್ರವನ್ನ ಎರಡು ಸಲ ತೋರಿಸೋದು. ಸೆಕೆಂಡಿಗೆ ಹತ್ತು ಸಲ ಚಲನೆ ತಡೆದು ಮುಂದೆ ಹೋಗುತ್ತದೆ. ಅಪ್ಪ ಹೇಳಿದ ಕುಂಟು ಅದೇ. 25 ಫ್ರೇಮಿನ ಪ್ರಸಾರವಾದರೂ ಇದೇ ಗತಿ, ಯಾಕಂದ್ರೆ 60ನ್ನ 25ರಿಂದಲೂ ಸಮನಾಗಿ ಹಂಚೋಕಾಗಲ್ಲ.

ನಿಮ್ಮ ಮನೆಯಲ್ಲಿ ಹೀಗಾಗ್ತಿದೆಯಾ ಅಂತ ನೋಡೋಕೆ ಸುಲಭ ದಾರಿ ಇದೆ. ಯಾವುದಾದರೂ ನ್ಯೂಸ್ ಚಾನೆಲ್ ಹಾಕಿ. ಆಂಕರ್ ಕೂಗಾಟ ಮ್ಯೂಟ್ ಮಾಡಿ, ಕೆಳಗೆ ಓಡೋ ಸ್ಕ್ರಾಲ್ ಮಾತ್ರ ನೋಡಿ. ಅಕ್ಷರಗಳು ನೀರು ಹರಿದ ಹಾಗೆ ಹೋಗಬೇಕು. ತಡೆತಡೆದು ಹೋಗ್ತಿದ್ದರೆ ಲೆಕ್ಕ ತಪ್ಪಿದೆ.

ಸರಿ ಮಾಡೋದು ಹೀಗೆ. ಸ್ಟಿಕ್ ಅಥವಾ ಬಾಕ್ಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ. ‘ಮ್ಯಾಚ್ ಫ್ರೇಮ್ ರೇಟ್’, ‘ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್’, ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’ ಅಂತ ಒಂದೊಂದರಲ್ಲಿ ಒಂದೊಂದು ಹೆಸರಿರುತ್ತದೆ. ಅದನ್ನ ಆನ್ ಮಾಡಿ. ಆಗ ಬಂದ ವಿಡಿಯೋ 24 ಆದರೆ 24, 50 ಆದರೆ 50 ಅಂತಲೇ ಟಿವಿಗೆ ಹೋಗುತ್ತದೆ. ಬದಲಾಗುವಾಗ ಪರದೆ ಒಂದೆರಡು ಸೆಕೆಂಡು ಕಪ್ಪಾಗಬಹುದು, ಗಾಬರಿ ಬೇಡ. ಎಲ್ಲ ಆ್ಯಪ್‌ಗಳೂ ಇದಕ್ಕೆ ಸಹಕರಿಸಲ್ಲ. ಸಹಕರಿಸದಿದ್ದರೆ ಮ್ಯಾಚ್ ದಿನ ರೆಸಲ್ಯೂಷನ್ ಪಟ್ಟಿಯಲ್ಲಿ 50 ಹರ್ಟ್ಸ್ ಇರೋದನ್ನ ಕೈಯಾರೆ ಆರಿಸಿಕೊಳ್ಳಿ. ನಮ್ಮನೆಯಲ್ಲಿ ಈಗ ಅಪ್ಪನೇ ಅದನ್ನ ಮಾಡಿಕೊಳ್ತಾರೆ.

ಅಂದಹಾಗೆ, ನಿಜವಾದ 120 ಹರ್ಟ್ಸ್ ಪರದೆಯ ಒಂದು ದೊಡ್ಡ ಉಪಕಾರ ಇರೋದು ಸಿನಿಮಾಕ್ಕೆ. 60ನ್ನ 24ರಿಂದ ಭಾಗಿಸಿದರೆ ಎರಡೂವರೆ ಬರುತ್ತದೆ. ಅರ್ಧ ಸಲ ತೋರಿಸೋಕಾಗಲ್ಲ, ಹಾಗಾಗಿ 60ರ ಪರದೆ ಒಂದು ಚಿತ್ರವನ್ನ ಮೂರು ಸಲ, ಮುಂದಿನದನ್ನ ಎರಡು ಸಲ ತೋರಿಸುತ್ತದೆ. ಕ್ಯಾಮೆರಾ ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗುವಾಗ ನಡುಕ ಕಾಣೋದು ಇದರಿಂದ. 120 ಆದರೆ ಪ್ರತಿ ಚಿತ್ರಕ್ಕೂ ಸರಿಯಾಗಿ ಐದು ಪಾಲು. ಅಂಗಡಿಯವರು ಇದನ್ನ ಹೇಳಲ್ಲ.

ಸಿನಿಮಾ ಸೀರಿಯಲ್ ಆಗಿದ್ದು

ಅಪ್ಪನ ಎರಡನೇ ದೂರಿಗೆ ಕಾರಣ ಬೇರೆ. ಹೆಚ್ಚಿನ ಟಿವಿಗಳು ಕಾರ್ಖಾನೆಯಿಂದ ಬರುವಾಗಲೇ ಒಂದು ಸೌಲಭ್ಯ ಆನ್ ಆಗಿರುತ್ತದೆ. ಎರಡು ಚಿತ್ರಗಳ ನಡುವೆ ಏನಿರಬಹುದು ಅಂತ ಟಿವಿ ಊಹಿಸಿ, ಕ್ಯಾಮೆರಾ ಎಂದೂ ತೆಗೆಯದ ಚಿತ್ರವೊಂದನ್ನ ತಾನೇ ಮಾಡಿ ತುರುಕುತ್ತದೆ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ ಅಥವಾ ಆಟೊ ಮೋಷನ್ ಪ್ಲಸ್.

24ರ ಲಯಕ್ಕೆ ಒಗ್ಗಿದ ಸಿನಿಮಾ ಇದರಿಂದ ಅತಿಯಾಗಿ ನುಣುಪಾಗುತ್ತದೆ. ಇಂಗ್ಲಿಷಿನಲ್ಲೂ ಇದನ್ನ ‘ಸೋಪ್ ಆಪೆರಾ ಎಫೆಕ್ಟ್’ ಅಂತಲೇ ಕರೀತಾರೆ, ಅಂದರೆ ಸೀರಿಯಲ್ ಪರಿಣಾಮ. ಯಾವ ರಿವ್ಯೂ ಓದದೆ ಅಪ್ಪ ಅದನ್ನೇ ಹೇಳಿದ್ದರು. 2018ರ ಡಿಸೆಂಬರಿನಲ್ಲಿ ನಟ ಟಾಮ್ ಕ್ರೂಸ್, ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಇಬ್ಬರೂ ನಿಂತು ವಿಡಿಯೋ ಮಾಡಿ, ದಯವಿಟ್ಟು ಇದನ್ನ ಆಫ್ ಮಾಡಿ ನೋಡಿ ಅಂತ ಪ್ರೇಕ್ಷಕರನ್ನ ಕೇಳಿಕೊಂಡರು. 2019ರಲ್ಲಿ ಯುಎಚ್‌ಡಿ ಅಲಯನ್ಸ್ ಅನ್ನೋ ಉದ್ಯಮದ ಕೂಟ ‘ಫಿಲ್ಮ್‌ಮೇಕರ್ ಮೋಡ್’ ತಂದಿತು. ಅದನ್ನ ಒತ್ತಿದರೆ ಈ ಊಹೆಯ ಚಿತ್ರಗಳು ನಿಲ್ಲುತ್ತವೆ, ಬಣ್ಣವೂ ನಿರ್ದೇಶಕರು ಇಟ್ಟ ಹಾಗೆ ಉಳಿಯುತ್ತದೆ.

ನಿಮ್ಮ ಟಿವಿಯಲ್ಲಿ ಆ ಮೋಡ್ ಇದ್ದರೆ ಸಿನಿಮಾಕ್ಕೆ ಅದೇ ಸಾಕು. ಇಲ್ಲದಿದ್ದರೆ ‘ಸಿನಿಮಾ’ ಅಥವಾ ‘ಮೂವಿ’ ಮೋಡ್ ಹಾಕಿ, ಮೋಷನ್ ಸೆಟ್ಟಿಂಗನ್ನ ಸೊನ್ನೆಗೆ ಇಳಿಸಿ. ಕ್ರಿಕೆಟ್, ಕಬಡ್ಡಿಗೆ ಸ್ವಲ್ಪ ಇಟ್ಟುಕೊಂಡರೆ ತಪ್ಪೇನಿಲ್ಲ. ಹತ್ತರಲ್ಲಿ ಎರಡೋ ಮೂರೋ ಸಾಕು, ಹೆಚ್ಚಾದರೆ ಬ್ಯಾಟಿನ ಸುತ್ತ ಗಾಳಿ ಕರಗಿದ ಹಾಗೆ ಕಾಣುತ್ತದೆ. ಅಲ್ಲೇ ‘ಬ್ಲ್ಯಾಕ್ ಫ್ರೇಮ್’, ‘ಕ್ಲಿಯರ್ ಮೋಷನ್’ ಅನ್ನೋ ಆಯ್ಕೆ ಇರಬಹುದು. ಅದು ಚಿತ್ರಗಳ ನಡುವೆ ಕತ್ತಲೆ ತುಂಬಿ ಮಸುಕು ಕಡಿಮೆ ಮಾಡುತ್ತದೆ. ಆದರೆ ಬೆಳಕು ತಗ್ಗುತ್ತದೆ, ಕೆಲವರಿಗೆ ಮಿನುಗು ಕಂಡು ತಲೆನೋವು ಬರುತ್ತದೆ. ನಮ್ಮಮ್ಮನಿಗೆ ಬಂತು, ಆಫ್ ಮಾಡಿದ್ವಿ.

120 ನಿಜಕ್ಕೂ ಕೆಲಸಕ್ಕೆ ಬರೋದು ಎಲ್ಲಿ?

ಗೇಮ್‌ಗಳಲ್ಲಿ. ಅಲ್ಲಿ ಚಿತ್ರ ಕ್ಯಾಮೆರಾದಿಂದ ಬರಲ್ಲ, ಆ ಕ್ಷಣದಲ್ಲೇ ತಯಾರಾಗುತ್ತದೆ. ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಒಳ್ಳೆ ಗ್ರಾಫಿಕ್ಸ್ ಇರೋ ಕಂಪ್ಯೂಟರ್ ಇವೆಲ್ಲ ಸೆಕೆಂಡಿಗೆ 120 ಬೇರೆ ಬೇರೆ ಚಿತ್ರ ಕಳಿಸಬಲ್ಲವು. ಆದರೆ ದಾರಿಯಲ್ಲಿ ನಾಲ್ಕು ಬಾಗಿಲುಗಳಿವೆ, ಒಂದು ಮುಚ್ಚಿದ್ದರೂ 60ಕ್ಕೆ ಇಳಿಯುತ್ತದೆ.

ಮೊದಲನೆಯದು ಪೋರ್ಟ್. 4ಕೆ ಅಂದರೆ ಸುಮಾರು 83 ಲಕ್ಷ ಚುಕ್ಕಿ. ಸೆಕೆಂಡಿಗೆ 120 ಸಲ ಅಂದರೆ ಹತ್ತಿರ ಹತ್ತಿರ 100 ಕೋಟಿ ಚುಕ್ಕಿಯ ಮಾಹಿತಿ. ಹಳೇ ಎಚ್‌ಡಿಎಂಐ 2.0 ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುತ್ತದೆ, ಅದು 4ಕೆ 60ಕ್ಕೆ ಸರಿಹೋಗುತ್ತದೆ. 2.1ರಲ್ಲಿ 48 ಗಿಗಾಬಿಟ್‌ವರೆಗೆ ಹೋಗಬಹುದು. ಅನೇಕ ಟಿವಿಗಳಲ್ಲಿ ಇರೋ ನಾಲ್ಕು ಪೋರ್ಟ್‌ಗಳಲ್ಲಿ ಒಂದೋ ಎರಡೋ ಮಾತ್ರ ಈ ಥರದವು. ಪೋರ್ಟಿನ ಪಕ್ಕ ‘4ಕೆ 120’ ಅಂತ ಬರೆದಿದೆಯಾ ನೋಡಿ. ಬರೀ ‘2.1’ ಅಂತ ಬರೆದಿದ್ದರೆ ನಂಬಬೇಡಿ, ಆ ಮಾನದಂಡದಲ್ಲಿ 4ಕೆ 120 ಕಡ್ಡಾಯ ಅಲ್ಲ, ಐಚ್ಛಿಕ.

ಎರಡನೆಯದು ಕೇಬಲ್. ‘ಅಲ್ಟ್ರಾ ಹೈ ಸ್ಪೀಡ್ ಎಚ್‌ಡಿಎಂಐ’ ಅನ್ನೋ ಪ್ರಮಾಣೀಕರಣದ ಲೇಬಲ್ ಇದ್ದರೆ ಸಾಕು. ಚಿನ್ನದ ಲೇಪನ, ಹೆಣೆದ ಬಟ್ಟೆ ಯಾವುದಕ್ಕೂ ಹೆಚ್ಚು ದುಡ್ಡು ಕೊಡಬೇಡಿ. ಮೂರನೆಯದು ಟಿವಿಯ ಸೆಟ್ಟಿಂಗ್. ಪೋರ್ಟ್ ಸರಿ ಇದ್ದರೂ ಅದರ ಪೂರ್ತಿ ಶಕ್ತಿ ಆಫ್ ಆಗಿರಬಹುದು. ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’, ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’ ಅಂತ ಹುಡುಕಿ. ನಾಲ್ಕನೆಯದು ಗೇಮ್ ಕಡೆಯದು. ಪ್ಲೇಸ್ಟೇಷನ್‌ನ ವಿಡಿಯೋ ಔಟ್‌ಪುಟ್‌ನಲ್ಲಿ 120 ಹರ್ಟ್ಸ್ ಚಾಲೂ ಇರಬೇಕು, ಆ ಗೇಮಿನಲ್ಲೂ ‘ಪರ್ಫಾರ್ಮೆನ್ಸ್’ ಥರದ ಆಯ್ಕೆ ಮಾಡಬೇಕಾಗಬಹುದು. ವಿಂಡೋಸ್‌ನಲ್ಲಾದರೆ ಡಿಸ್‌ಪ್ಲೇಯ ‘ಅಡ್ವಾನ್ಸ್‌ಡ್’ ಪುಟದಲ್ಲಿ ನೀವೇ 120 ಆರಿಸಬೇಕು.

ಗೇಮ್ ಆಡುವಾಗ ‘ಗೇಮ್ ಮೋಡ್’ ಆನ್ ಇರಲಿ. ನಡುವಿನ ಚಿತ್ರ ಊಹಿಸಬೇಕಾದರೆ ಟಿವಿ ಮುಂದಿನ ಚಿತ್ರ ಬರೋವರೆಗೆ ಕಾಯಲೇಬೇಕು. ನೀವು ಬಟನ್ ಒತ್ತಿದ್ದು ಪರದೆಗೆ ಅಷ್ಟು ತಡವಾಗಿ ಬರುತ್ತದೆ. ಗೇಮ್ ಮೋಡ್ ಸಾಮಾನ್ಯವಾಗಿ ಆ ಊಹೆ, ಸಂಸ್ಕರಣೆಗಳನ್ನೆಲ್ಲ ಬದಿಗೆ ಸರಿಸುತ್ತದೆ. ‘ವಿಆರ್‌ಆರ್’ ಇದ್ದರೆ ಅದನ್ನೂ ಹಾಕಿ. ಗೇಮಿನ ಫ್ರೇಮ್ 120ರಿಂದ 90ಕ್ಕೆ ಇಳಿದಾಗ ಪರದೆಯೂ ಜೊತೆಗೆ ಇಳಿಯುತ್ತದೆ, ಚಿತ್ರ ಹರಿದ ಹಾಗೆ ಕಾಣಲ್ಲ.

ತಮ್ಮ ಕಂಡುಹಿಡಿದದ್ದು

ಈ ನಾಲ್ಕೂ ಬಾಗಿಲು ತೆಗೆದ ಮೇಲೂ ನಮ್ಮ ಟಿವಿ 4ಕೆಯಲ್ಲಿ 60 ದಾಟಲಿಲ್ಲ. ತಮ್ಮ ರೆಸಲ್ಯೂಷನ್ ಇಳಿಸುತ್ತಾ ಹೋದ. 1080ಕ್ಕೆ ಬಂದಾಗ ಪಟ್ಟಿಯಲ್ಲಿ 120 ಪ್ರತ್ಯಕ್ಷ ಆಯ್ತು. ‘ಅಕ್ಕ, ಇದು ಡಿಎಲ್‌ಜಿ ಕಣೇ’ ಅಂದ.

ಡಿಎಲ್‌ಜಿ ಅಂದರೆ ಡ್ಯುಯಲ್ ಲೈನ್ ಗೇಟ್. ಪ್ಯಾನಲ್ ಅಸಲಿಗೆ 60 ಹರ್ಟ್ಸ್‌ನದ್ದೇ. ಆದರೆ ಎರಡೆರಡು ಅಡ್ಡ ಸಾಲುಗಳನ್ನು ಜೋಡಿ ಮಾಡಿ ಒಂದೇ ಸಲಕ್ಕೆ ಬರೆದರೆ ಅರ್ಧ ಹೊತ್ತು ಉಳಿಯುತ್ತದೆ, ಆ ಉಳಿದ ಹೊತ್ತಿನಲ್ಲಿ ಇನ್ನೊಂದು ಚಿತ್ರ ಬರೆಯಬಹುದು. ಹಾಗೆ 120 ಆಗುತ್ತದೆ. ಬದಲಿಗೆ 2160 ಸಾಲುಗಳ ಪರದೆ 1080 ಸಾಲಿಗೆ ಇಳಿಯುತ್ತದೆ. 4ಕೆಯೂ ಇದೆ, 120 ಕೂಡ ಇದೆ, ಎರಡೂ ಒಟ್ಟಿಗೆ ಇಲ್ಲ. ಕಡಿಮೆ ಬೆಲೆಯಲ್ಲಿ ಗೇಮ್ ಆಡೋರಿಗೆ ಇದು ಉಪಯೋಗದ ತಂತ್ರವೇ, ನಾನು ಅಲ್ಲಗಳೆಯಲ್ಲ. ಆದರೆ ಡಬ್ಬದ ಮೇಲೆ ದೊಡ್ಡದಾಗಿದ್ದದ್ದು 4ಕೆ ಮತ್ತು 120. ‘ಪ್ಯಾನಲ್: 60 ಹರ್ಟ್ಸ್’ ಅನ್ನೋ ಸಾಲು ಸಿಕ್ಕಿದ್ದು ಕಂಪನಿಯ ವೆಬ್‌ಸೈಟಿನಲ್ಲಿ, ನಾಲ್ಕು ಸಲ ಕೆಳಗೆ ಎಳೆದ ಮೇಲೆ.

ಇದೊಂದೇ ಅಲ್ಲ. ‘ಮೋಷನ್ ರೇಟ್’ ಥರದ ಹೆಸರಿನ ಜೊತೆ ಬರೋ ಸಂಖ್ಯೆ ಪ್ಯಾನಲ್ಲಿನ ಹರ್ಟ್ಸ್ ಅಲ್ಲ. ಊಹೆಯ ಚಿತ್ರ, ಹಿಂಬೆಳಕಿನ ಮಿಟುಕು ಎಲ್ಲ ಸೇರಿಸಿ ಕಂಪನಿ ತಾನೇ ಕಟ್ಟಿಕೊಂಡ ಅಳತೆ. ಹಾಗಾಗಿ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ‘ಪ್ಯಾನಲ್ಲಿನ ನೇಟಿವ್ ರಿಫ್ರೆಶ್ ರೇಟ್ ಎಷ್ಟು? 4ಕೆಯಲ್ಲೇ 120 ಬರತ್ತಾ?’ ಬಾಯಿಮಾತಿನ ಉತ್ತರ ಸಾಕಾಗಲ್ಲ. ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಅಥವಾ ಸ್ಪೆಸಿಫಿಕೇಷನ್ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಗೋದಾದರೆ ಗೇಮ್ ಆಡೋ ಗೆಳೆಯರ ಲ್ಯಾಪ್‌ಟಾಪ್ ಅಂಗಡಿಗೇ ಒಯ್ದು ನೋಡಿ. ಮತ್ತೆ, ಮನೆಯಲ್ಲಿ ಗೇಮ್ ಆಡೋರೇ ಇಲ್ಲ, ಸಿನಿಮಾನೂ ಅಪರೂಪ, ಬರೀ ಸೀರಿಯಲ್ಲು, ನ್ಯೂಸು, ಮ್ಯಾಚು ಅಂದರೆ ಒಳ್ಳೆಯ 60 ಹರ್ಟ್ಸ್ ಟಿವಿಯೇ ಸಾಕು. ಉಳಿದ ದುಡ್ಡಿಗೆ ಒಳ್ಳೆ ಸ್ಪೀಕರ್ ಬರುತ್ತದೆ.

ಇದು ಬರೀ ಟಿವಿ ವಿಷಯ ಅಲ್ಲ

ನಾನು ಅಂಗಡಿಗೆ ಹೋಗಿ ಕೇಳಿದೆ. ‘ಎಲ್ಲಾ ಕಂಪನೀದೂ ಹಂಗೇ ಮೇಡಂ’ ಅಂದರು. ವಾಪಸ್ ಕೊಡೋ ಅವಧಿ ಮುಗಿದಿತ್ತು. ಕಂಪನಿಗೆ ಮೇಲ್ ಹಾಕಿದೆ. ನಿಮ್ಮ ಮಾಡೆಲ್ 120 ಹರ್ಟ್ಸ್ ಸಪೋರ್ಟ್ ಮಾಡುತ್ತದೆ ಅನ್ನೋ ಉತ್ತರ ಬಂತು. ಅದರಲ್ಲಿ ಸುಳ್ಳಿಲ್ಲ. ನನಗೆ ಸಿಟ್ಟು ಬಂದಿದ್ದೂ ಅದಕ್ಕೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಸ್ತುವಿನ ಗುಣಮಟ್ಟ, ಮಾನದಂಡ, ಬೆಲೆಯ ಬಗ್ಗೆ ತಿಳಿದುಕೊಳ್ಳೋದನ್ನ ಗ್ರಾಹಕರ ಹಕ್ಕು ಅನ್ನುತ್ತದೆ. ಮುಖ್ಯವಾದ ಮಾಹಿತಿಯನ್ನ ಬೇಕಂತಲೇ ಮುಚ್ಚಿಡೋದೂ ಆ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತೇ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದಕ್ಕೆ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಕೊಂಡ ಊರಿಗೇ ಹೋಗಬೇಕೆಂದೂ ಇಲ್ಲ, ನೀವು ವಾಸ ಮಾಡೋ ಅಥವಾ ಕೆಲಸ ಮಾಡೋ ಊರಿನಲ್ಲೇ ದೂರು ಕೊಡಬಹುದು. ನಾನು 1915ರಲ್ಲಿ ದೂರು ದಾಖಲಿಸಿದ್ದೇನೆ. ಗೆಲ್ತೀನಿ ಅನ್ನೋ ಭರವಸೆ ನನಗೇನೂ ಇಲ್ಲ. ದಾಖಲೆಯಲ್ಲಿ ಒಂದು ದೂರಾದರೂ ಇರಲಿ ಅಂತ.

ಒಬ್ಬೊಬ್ಬರ ದೂರಿನಿಂದ ಮುಗಿಯೋ ವಿಷಯ ಇದಲ್ಲ ಅನ್ನೋದೂ ನನಗೆ ಗೊತ್ತು. ನಮ್ಮ ಟಿವಿಯ ಡಬ್ಬ ನೋಡಿ. ಅಂಗಡಿಯಲ್ಲಿ ಎಲ್ಲರೂ ಇಂಚು ಅಂತಲೇ ಮಾತಾಡ್ತೀವಿ, ಆದರೆ ಡಬ್ಬದ ಮೇಲೆ 139 ಸೆಂಟಿಮೀಟರ್ ಅಂತ ಇರುತ್ತದೆ. ಯಾಕೆ? ಅಳತೆಯನ್ನ ಮೆಟ್ರಿಕ್‌ನಲ್ಲೇ ಹೇಳಬೇಕು ಅಂತ ಕಾನೂನು ಮಾಪನಶಾಸ್ತ್ರ ಕಾಯ್ದೆ ಹೇಳುತ್ತದೆ. ಎಷ್ಟು ಕರೆಂಟು ಕುಡಿಯುತ್ತದೆ ಅನ್ನೋದಕ್ಕೆ ಬಿಇಇ ಸ್ಟಾರ್ ಲೇಬಲ್ ಇದೆ. ಸರ್ಕಾರ ಬಯಸಿದರೆ ಡಬ್ಬದ ಮೇಲೆ ನಿಜ ಬರೆಸೋದು ಕಷ್ಟವಲ್ಲ ಅನ್ನೋದಕ್ಕೆ ಇವೆರಡೇ ಸಾಕ್ಷಿ. ‘ಪ್ಯಾನಲ್ಲಿನ ನೇಟಿವ್ ರಿಫ್ರೆಶ್ ರೇಟ್, ಪೂರ್ತಿ ರೆಸಲ್ಯೂಷನ್‌ನಲ್ಲಿ’ ಅನ್ನೋ ಒಂದು ಸಾಲನ್ನ ಮಿಕ್ಕ ಸಂಖ್ಯೆಗಳಷ್ಟೇ ದಪ್ಪ ಅಕ್ಷರದಲ್ಲಿ ಕಡ್ಡಾಯ ಮಾಡಲಿ. ಬೇರೇನೂ ಬೇಡ.

ತೆರಿಗೆ ಇಳಿಸಿದ್ದನ್ನ ಹಬ್ಬದ ಉಡುಗೊರೆ ಅಂತ ಸಾರಿದರು. ಆ ಇಳಿಕೆಯಲ್ಲಿ ಉಳಿದ ಒಂದಿಷ್ಟು ಸಾವಿರ, ನಮ್ಮನೆ ಲೆಕ್ಕದಲ್ಲಿ, ಗೊತ್ತಿಲ್ಲದ ಒಂದು ಸಂಖ್ಯೆಗೆ ಹೋಯಿತು. ಇಎಂಐ ಇನ್ನೂ ಬಾಕಿ ಇದೆ.

ಟಿವಿ ಈಗ ಚೆನ್ನಾಗೇ ಓಡ್ತಿದೆ. ಮ್ಯಾಚಿಗೆ 50, ಸಿನಿಮಾಕ್ಕೆ ಮೋಷನ್ ಆಫ್, ತಮ್ಮನ ಗೇಮಿಗೆ 1080ರಲ್ಲಿ 120. ಮೊನ್ನೆ ಚಿಕ್ಕಪ್ಪ ಹೊಸ ಟಿವಿ ತಗೋಬೇಕು ಅಂತ ಫೋನ್ ಮಾಡಿದ್ರು. ನಾನು ಎದ್ದು ಬರೋದ್ರೊಳಗೆ ಅಪ್ಪನೇ ಹೇಳ್ತಿದ್ರು: ‘ಡಬ್ಬ ನೋಡ್ಬೇಡ ಕಣೋ. ಪ್ಯಾನಲ್ ಎಷ್ಟು ಅಂತ ಕೇಳು. ಬರೆದು ಕೊಡು ಅನ್ನು.’